ಅದೇ ಅಚ್ಚು, ಬೇರೆ ಬಣ್ಣ

2024ರಲ್ಲಿ ನಮ್ಮ ನರಕ ಚತುರ್ದಶಿ ಮತ್ತು ಪಾಶ್ಚಾತ್ಯರ ಹ್ಯಾಲೋವೀನ್ ಎರಡೂ ಒಂದೇ ದಿನ, ಅಕ್ಟೋಬರ್ 31ರಂದು ಬಂದಿದ್ದವು. ಇಲ್ಲಿ ನರಕಾಸುರನನ್ನು ನೆನೆದು ಎಣ್ಣೆ ನೀರು ಹಾಕಿಕೊಂಡರೆ ಅಲ್ಲಿ ಕುಂಬಳಕಾಯಿಗೆ ಕಣ್ಣು ಮೂಗು ಕೊರೆದು ದೀಪ ಇಟ್ಟರು. ಇದು ಪಂಚಾಂಗದ ಆಕಸ್ಮಿಕವೇ ಸರಿ. ಆದರೆ ಈ ಎರಡು ಹಬ್ಬಗಳ ಮಕ್ಕಳಲ್ಲಿ ಇನ್ನೊಂದು ಸಾಮ್ಯ ಇದೆ. ಇಬ್ಬರ ಕೈಯಲ್ಲೂ ಹಬ್ಬದ ಹೊತ್ತಿಗೆ ಪುಟ್ಟ ಸೈನಿಕರು ಇರುತ್ತಾರೆ.

ವೇದಗಂಗಾ ಮತ್ತು ದೂಧಗಂಗಾ ನದಿಗಳು ಕೂಡುವ ತಾಣದ ಬಳಿ ಇರುವ ಭೋಜ, ನಿಪ್ಪಾಣಿ ತಾಲೂಕಿನ ಊರು. ಈ ಸೀಮೆಯಲ್ಲಿ, ಅತ್ತ ಬೆಳಗಾವಿ ಇತ್ತ ಗಡಿಯಾಚೆಯ ಕೊಲ್ಲಾಪುರದವರೆಗೆ, ದೀಪಾವಳಿ ಬಂತೆಂದರೆ ಮಕ್ಕಳು ಅಂಗಳದಲ್ಲಿ ಮಣ್ಣಿನ ‘ಕಿಲ್ಲಾ’ ಕಟ್ಟುತ್ತಾರೆ. ಕಲ್ಲು, ಒಡೆದ ಇಟ್ಟಿಗೆ, ಹಳೆಯ ಗೋಣಿಚೀಲ, ಅದರ ಮೇಲೆ ಕಲಸಿದ ಮಣ್ಣು. ಹುಲ್ಲು ಬೆಳೆಯಲೆಂದು ಸಾಸಿವೆ ಚೆಲ್ಲುತ್ತಾರೆ. ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ, ಮೆಟ್ಟಿಲ ಮೇಲೆ ಮಾವಳೆ ಸೈನಿಕರು, ಬುಡದ ಗುಹೆಯಲ್ಲಿ ಒಂದು ಹುಲಿ. ಹಬ್ಬಕ್ಕೆ ಮುಂಚೆ ಸಂತೆಪೇಟೆಗಳಲ್ಲಿ ಈ ಬೊಂಬೆಗಳ ಸಾಲು ಕಾಣುತ್ತದೆ.

ಈಗ ಮೊಬೈಲ್ ಪರದೆಯ ಮೇಲೆ ಇನ್ನೊಂದು ಸೈನಿಕ ಬಂದಿದ್ದಾನೆ. ಅವನು ‘ಸ್ಟಾರ್ ವಾರ್ಸ್’ ಎಂಬ ವೈಜ್ಞಾನಿಕ ಕಲ್ಪನೆಯ ಚಲನಚಿತ್ರ ಮಾಲೆಯ ಪಾತ್ರ. ಆದರೆ ಮೈಮೇಲೆ ಹ್ಯಾಲೋವೀನಿನ ಬಣ್ಣ. ‘ಸೀಮಿತ ಆವೃತ್ತಿ, ಸಂಗ್ರಹಯೋಗ್ಯ’ ಎಂಬ ಬಿರುದು ಬೇರೆ. ಮಗ ಕೇಳುತ್ತಾನೆ, ‘ಅಪ್ಪಾ, ಇದು ಗೊಂಬಿ ಅಲ್ಲ, ಆ್ಯಕ್ಷನ್ ಫಿಗರ್!’ ಬೆಲೆ ನೋಡಿದ ಅಪ್ಪ ಹೌಹಾರುತ್ತಾನೆ, ‘ಇಷ್ಟು ರೊಕ್ಕದಾಗ ಒಂದು ಚೀಲ ಗೊಬ್ಬರ ಬರ್ತದ!’ ಇಬ್ಬರ ಮಾತಿನಲ್ಲೂ ಅರ್ಥವಿದೆ. ಬೈದು ಸುಮ್ಮನಾಗಿಸುವ ಮೊದಲು ಆ ಬೊಂಬೆ ಏನು, ಹೇಗೆ ಆಗುತ್ತದೆ, ಅದರ ಬೆಲೆ ಎಲ್ಲಿಂದ ಬಂತು ಎಂದು ತಿಳಿಯುವುದು ಒಳ್ಳೆಯದು.

ಗೊಂಬೆಗೆ ಹೊಸ ಹೆಸರು

ಹ್ಯಾಲೋವೀನ್ ಹಬ್ಬದ ಬೇರು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಕೆಲ್ಟ್ ಜನರ ‘ಸೌಇನ್’ ಎಂಬ ಸುಗ್ಗಿಯ ಕೊನೆಯ ಹಬ್ಬದಲ್ಲಿದೆ ಎನ್ನುತ್ತಾರೆ. ಬೇಸಿಗೆ ಮುಗಿದು ಚಳಿಯ ಕತ್ತಲು ಕವಿಯುವ ಆ ರಾತ್ರಿ ಸತ್ತವರ ಆತ್ಮಗಳು ಮನೆಗೆ ಬರುತ್ತವೆ ಎಂಬುದು ಅವರ ನಂಬಿಕೆ. ನಮ್ಮ ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರನ್ನು ನೆನೆದು ಎಡೆ ಇಡುವುದನ್ನು ಬಲ್ಲವರಿಗೆ ಇದು ಅಷ್ಟೇನೂ ಅಪರಿಚಿತವಲ್ಲ. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ. ಅದರ ಹಿಂದಿನ ಸಂಜೆ ಎಂಬ ಅರ್ಥದ ಮಾತೇ ಸವೆದು ಹ್ಯಾಲೋವೀನ್ ಆಯಿತು. ಐರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ದೀಪ ಇಡುತ್ತಿದ್ದರು. ವಲಸೆ ಹೋದವರಿಗೆ ಅಮೆರಿಕದಲ್ಲಿ ದೊಡ್ಡ ಕುಂಬಳಕಾಯಿ ಸಿಕ್ಕಿತು. ಕುಂಬಳದ ಕಿತ್ತಳೆ, ಕತ್ತಲೆಯ ಕಪ್ಪು, ಇವೇ ಹಬ್ಬದ ಬಣ್ಣಗಳಾದವು.

‘ಆ್ಯಕ್ಷನ್ ಫಿಗರ್’ ಎಂಬ ಹೆಸರಿನ ಕತೆ ಸ್ವಾರಸ್ಯವಾಗಿದೆ. 1964ರಲ್ಲಿ ಅಮೆರಿಕದ ಹ್ಯಾಸ್ಬ್ರೋ ಕಂಪನಿ ‘ಜಿ.ಐ. ಜೋ’ ಎಂಬ 12 ಅಂಗುಲದ ಸೈನಿಕ ಬೊಂಬೆಯನ್ನು ಮಾರುಕಟ್ಟೆಗೆ ತಂದಿತು. ಗೊಂಬೆ ಎಂದರೆ ಹುಡುಗರು ಮುಟ್ಟುವುದಿಲ್ಲ ಎಂಬ ಅಂಜಿಕೆಯಿಂದ ಹೊಸ ಹೆಸರು ಹುಟ್ಟಿತು. ಭಾರತದಲ್ಲೂ 1987ರಲ್ಲಿ ಶುರುವಾದ ಫನ್‌ಸ್ಕೂಲ್ ಕಂಪನಿ ಗೋವಾದ ತನ್ನ ಕಾರ್ಖಾನೆಯ ಮೂಲಕ ಜಿ.ಐ. ಜೋ ಬೊಂಬೆಗಳನ್ನು ಪರಿಚಯಿಸಿತು. ಈಗ ತಂದೆಯಾಗಿರುವ ಎಷ್ಟೋ ಮಂದಿ 90ರ ದಶಕದಲ್ಲಿ ಅವುಗಳೊಡನೆ ಆಡಿದವರೇ.

‘ಸ್ಟಾರ್ ವಾರ್ಸ್’ ಮೊದಲ ಚಿತ್ರ ತೆರೆಕಂಡದ್ದು 1977ರ ಮೇ 25ರಂದು. ಚಿತ್ರ ಇಷ್ಟು ಓಡುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಬೊಂಬೆ ತಯಾರಿಸುವ ಹಕ್ಕು ಪಡೆದ ಕೆನ್ನರ್ ಕಂಪನಿಗೆ ಕ್ರಿಸ್ಮಸ್ ಬಂದರೂ ಬೊಂಬೆ ತಯಾರಿಸಿ ಮುಗಿಸಲಾಗಲಿಲ್ಲ. ಆಗ ಅದು ಮಾಡಿದ್ದೇನು ಗೊತ್ತೇ? ಖಾಲಿ ಪೆಟ್ಟಿಗೆ ಮಾರಿತು! ಒಳಗೆ ಒಂದು ಚೀಟಿ. ಅದನ್ನು ಅಂಚೆಯಲ್ಲಿ ಕಳುಹಿಸಿದರೆ 1978ರಲ್ಲಿ ನಾಲ್ಕು ಬೊಂಬೆಗಳು ಮನೆಗೆ ಬರುತ್ತಿದ್ದವು. ಎತ್ತರ ಸುಮಾರು 3¾ ಅಂಗುಲ. ಅಲ್ಲಿಂದ 1985ರವರೆಗೆ 25 ಕೋಟಿಗೂ ಹೆಚ್ಚು ಬೊಂಬೆಗಳು ಮಾರಾಟವಾದವು. 1991ರಲ್ಲಿ ಕೆನ್ನರ್ ಕೂಡ ಹ್ಯಾಸ್ಬ್ರೋ ಪಾಲಾಯಿತು. 2013ರಿಂದ ಅದು ‘ಬ್ಲ್ಯಾಕ್ ಸೀರೀಸ್’ ಹೆಸರಿನಲ್ಲಿ 6 ಅಂಗುಲದ ಬೊಂಬೆಗಳನ್ನು ತರುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಅದೇ ಮಾಲೆಯ ಪಾತ್ರಗಳಿಗೆ ಹ್ಯಾಲೋವೀನಿನ ಬಣ್ಣ ಬಳಿದು ಹಬ್ಬದ ಆವೃತ್ತಿಗಳನ್ನು ಹೊರಡಿಸಿದೆ.

ಅಚ್ಚಿನ ಗುಟ್ಟು

ಈ ಬೊಂಬೆ ಮತ್ತು ದೀಪಾವಳಿಯ ಮಾವಳೆ, ಇವೆರಡೂ ಹುಟ್ಟುವ ವಿಧಾನ ಮೂಲದಲ್ಲಿ ಒಂದೇ. ಕುಂಬಾರನ ಬಳಿ ಎರಡು ಹೋಳಿನ ಅಚ್ಚು ಇರುತ್ತದೆ. ಮರಾಠಿಯಲ್ಲಿ ಅದಕ್ಕೆ ‘ಸಾಚಾ’ ಎನ್ನುತ್ತಾರೆ. ಮುಂಭಾಗದ ಹೋಳಿಗೂ ಹಿಂಭಾಗದ ಹೋಳಿಗೂ ಹದವಾದ ಮಣ್ಣು ಒತ್ತಿ, ಎರಡನ್ನೂ ಕೂಡಿಸಿ, ಸ್ವಲ್ಪ ಆರಿದ ಮೇಲೆ ಬಿಡಿಸಿದರೆ ಸೈನಿಕ ಸಿದ್ಧ.

ಕಾರ್ಖಾನೆಯಲ್ಲಿ ಅಚ್ಚು ಉಕ್ಕಿನದು. ಮಣ್ಣಿನ ಬದಲು ಎ.ಬಿ.ಎಸ್. ಎಂಬ ಪ್ಲಾಸ್ಟಿಕ್. ಅಕ್ಕಿಯಂತಹ ಅದರ ಕಾಳುಗಳನ್ನು ಬಿಸಿ ಕೊಳವೆಯೊಳಗೆ ಸುರಿಯುತ್ತಾರೆ. ಅಲ್ಲಿ ತಿರುಗುವ ತಿರುಪು ಅವನ್ನು ಮುಂದೆ ದೂಡುತ್ತದೆ. ಸುಮಾರು 200ರಿಂದ 250 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿದ ಪ್ಲಾಸ್ಟಿಕ್ ಬಹಳ ಒತ್ತಡದಿಂದ ಅಚ್ಚಿನೊಳಗೆ ನುಗ್ಗುತ್ತದೆ. ಉಕ್ಕಿನೊಳಗೆ ಕೊರೆದ ಕಾಲುವೆಗಳಲ್ಲಿ ತಣ್ಣೀರು ಹರಿದು ಅದನ್ನು ಗಟ್ಟಿಯಾಗಿಸುತ್ತದೆ. ಅಚ್ಚು ತೆರೆದಾಗ ಸಣ್ಣ ಸರಳುಗಳು ತುಂಡನ್ನು ಹೊರದೂಡುತ್ತವೆ. ಕೆಲವೇ ಸೆಕೆಂಡುಗಳ ಕೆಲಸ. ಯಾವುದೇ ಪ್ಲಾಸ್ಟಿಕ್ ಆಟಿಕೆಯ ಪಕ್ಕೆಯನ್ನು ಉಗುರಿನಿಂದ ಸವರಿ ನೋಡಿ, ತೆಳ್ಳನೆಯ ಗೆರೆಯೊಂದು ತಾಗುತ್ತದೆ. ಎರಡು ಹೋಳುಗಳು ಕೂಡಿದ ಗುರುತು ಅದು. ಮಾವಳೆಯ ಪಕ್ಕೆಯಲ್ಲೂ ಅಂಥದೇ ಗೆರೆ ಇದೆ!

ಇನ್ನೊಂದು ಸಾಮ್ಯವೂ ಉಂಟು. ಒಣಗುವಾಗ ಮಣ್ಣು ಕುಗ್ಗುತ್ತದೆ, ನೂರಕ್ಕೆ ಐದು ಭಾಗಕ್ಕಿಂತ ಹೆಚ್ಚೂ ಕುಗ್ಗಬಹುದು. ಅದಕ್ಕೇ ಕುಂಬಾರ ಅಚ್ಚನ್ನು ಬೇಕಾದ್ದಕ್ಕಿಂತ ತುಸು ದೊಡ್ಡದಾಗಿ ಮಾಡುತ್ತಾನೆ. ಎ.ಬಿ.ಎಸ್. ಕೂಡ ತಣಿಯುವಾಗ ನೂರಕ್ಕೆ ಸುಮಾರು ಅರ್ಧ ಭಾಗ ಕುಗ್ಗುತ್ತದೆ. ಕಾರ್ಖಾನೆಯ ಎಂಜಿನಿಯರ್ ಕೂಡ ಅದನ್ನು ಲೆಕ್ಕ ಹಾಕಿಯೇ ಉಕ್ಕು ಕೊರೆಯುತ್ತಾನೆ. ಕುಂಬಾರನದು ಕೈಯಳತೆ, ಎಂಜಿನಿಯರನದು ಸೂತ್ರ. ವಿಜ್ಞಾನ ಮಾತ್ರ ಒಂದೇ.

ಬೆಲೆಯ ಗುಟ್ಟೂ ಇಲ್ಲೇ ಇದೆ. ಬೊಂಬೆಯೊಂದಕ್ಕೆ ಬೇಕಾದ ಪ್ಲಾಸ್ಟಿಕ್ಕಿನ ಬೆಲೆ ಅಲ್ಪ. ಉಕ್ಕಿನ ಅಚ್ಚು ಮಾತ್ರ ಬಲು ದುಬಾರಿ. ಅಷ್ಟು ಹಣ ಹಾಕಿದ ಮೇಲೆ ಅದರಿಂದ ಎಷ್ಟು ಸಲ ಸಾಧ್ಯವೋ ಅಷ್ಟು ಸಲ ಬೊಂಬೆ ತೆಗೆಯಬೇಕು. ಬಿಳಿ ಕವಚದ ಸೈನಿಕನನ್ನು ಎಲ್ಲರೂ ಕೊಂಡಾಗಿದ್ದರೆ ಅದೇ ಅಚ್ಚಿನವನಿಗೆ ಕಿತ್ತಳೆ ಕಪ್ಪು ಬಳಿದು, ಹಬ್ಬದ ಡಬ್ಬಿಯಲ್ಲಿಟ್ಟು ‘ಹ್ಯಾಲೋವೀನ್ ಆವೃತ್ತಿ’ ಎಂದರೆ ಹೊಸ ಸರಕು! ಇದರಲ್ಲಿ ಮೋಸವೇನೂ ಇಲ್ಲ. ಕುಂಬಾರನೂ ಒಂದೇ ಅಚ್ಚಿನ ಮಾವಳೆಗಳಿಗೆ ಕೆಂಪು ರುಮಾಲು, ಹಸಿರು ರುಮಾಲು ಬಳಿಯುವುದಿಲ್ಲವೇ? ವ್ಯತ್ಯಾಸ ಇಷ್ಟೇ: ಕುಂಬಾರ ಎರಡಕ್ಕೂ ಒಂದೇ ಬೆಲೆ ಹೇಳುತ್ತಾನೆ.

ಅಮೆರಿಕದಲ್ಲಿ ಇಂಥ 6 ಅಂಗುಲದ ಬೊಂಬೆಗೆ 25 ಡಾಲರಿನ ಆಚೀಚೆ ಬೆಲೆ. ಭಾರತಕ್ಕೆ ಬರುವಾಗ ಸುಂಕ ಸೇರುತ್ತದೆ. ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಲಾಯಿತು. ಸಾಗಣೆ, ವ್ಯಾಪಾರಿಯ ಲಾಭ ಎಲ್ಲ ಕೂಡಿದಾಗ ಬೆಲೆ ಸಾವಿರಗಳಲ್ಲಿ ನಿಲ್ಲುತ್ತದೆ.

ಒಡೆಯದ ಡಬ್ಬಿ

‘ಇಟ್ಟುಕೊಂಡರೆ ಮುಂದೆ ಬೆಲೆ ಏರುತ್ತದೆ’ ಎಂಬ ಮಾತು ಮಕ್ಕಳ ಬಾಯಲ್ಲೂ ಕೇಳಿಬರುತ್ತದೆ. ಹಳೆಯ ಸ್ಟಾರ್ ವಾರ್ಸ್ ಬೊಂಬೆಗಳಿಗೆ ಬೆಲೆ ಬಂದದ್ದು ನಿಜ. ಅಂಗಡಿಯಲ್ಲಿ 2 ಡಾಲರಿಗೂ ಕಡಿಮೆಗೆ ಸಿಗುತ್ತಿದ್ದವನ್ನು ಇಂದು ಅದರ ನೂರಾರು ಪಟ್ಟು ಕೊಟ್ಟು ಕೊಳ್ಳುವವರಿದ್ದಾರೆ. ಏಕೆ? ಅಂದಿನ ಮಕ್ಕಳು ಡಬ್ಬಿ ಹರಿದರು, ಬೊಂಬೆಯನ್ನು ಮಣ್ಣಿನಲ್ಲಿ ಹೂತರು, ಕೈಕಾಲು ಮುರಿದರು. ಹಾಗಾಗಿ ಡಬ್ಬಿ ಒಡೆಯದ ಬೊಂಬೆ ಅಪರೂಪವಾಯಿತು. ಇಂದಿನ ‘ಸಂಗ್ರಹಯೋಗ್ಯ’ ಬೊಂಬೆಗಳನ್ನು ಕೊಂಡವರಲ್ಲಿ ಬಹಳ ಜನ ಬೆಲೆ ಏರಲಿ ಎಂದು ಡಬ್ಬಿಯನ್ನೇ ತೆರೆಯುವುದಿಲ್ಲ. ಎಲ್ಲರೂ ಜೋಪಾನ ಮಾಡಿದ ವಸ್ತು ಅಪರೂಪವಾಗುವುದು ಹೇಗೆ? ಹತ್ತಿ, ತಂಬಾಕು, ಈರುಳ್ಳಿ ಬೆಳೆದು ಮಾರುವ ರೈತನಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ.

ಬೆಲೆಯ ವಿಚಿತ್ರಕ್ಕೆ ಒಂದು ಉದಾಹರಣೆ ಇದೆ. 2024ರಲ್ಲಿ ಅಮೆರಿಕದ ಹರಾಜಿನಲ್ಲಿ ‘ಬೋಬಾ ಫೆಟ್’ ಎಂಬ ಸ್ಟಾರ್ ವಾರ್ಸ್ ಪಾತ್ರದ ಒಂದು ಬೊಂಬೆ 5 ಲಕ್ಷ 25 ಸಾವಿರ ಡಾಲರಿಗೆ ಮಾರಾಟವಾಯಿತು. ಅದು ಅಂಗಡಿಗೆ ಬಂದ ಬೊಂಬೆಯೇ ಅಲ್ಲ, ಕಾರ್ಖಾನೆಯಲ್ಲಿ ಪರೀಕ್ಷೆಗೆಂದು ಮಾಡಿದ ಮಾದರಿ. ಬೆನ್ನಿನಿಂದ ಪುಟ್ಟ ರಾಕೆಟ್ ಹಾರಿಸುವಂತೆ ಅದನ್ನು ರಚಿಸಿದ್ದರು. ಆದರೆ ಅದೇ ಕಾಲಕ್ಕೆ ಇನ್ನೊಂದು ಆಟಿಕೆಯಿಂದ ಹಾರಿದ ಅಂಥದೇ ತುಂಡು ಗಂಟಲಲ್ಲಿ ಸಿಕ್ಕಿ ಒಂದು ಮಗು ತೀರಿಕೊಂಡಿತ್ತು. ಕೆನ್ನರ್ ಕಂಪನಿ ರಾಕೆಟ್ ಹಾರಿಸುವ ಯೋಜನೆ ಕೈಬಿಟ್ಟು, ರಾಕೆಟ್ ಕದಲದಂತೆ ಅಂಟಿಸಿ ಬೊಂಬೆ ಮಾರಿತು. ಉಳಿದ ಕೆಲವೇ ಮಾದರಿಗಳು ಸಂಗ್ರಾಹಕರ ಪಾಲಿಗೆ ನಿಧಿಯಾದವು. ಜಗತ್ತಿನ ಅತಿ ದುಬಾರಿ ಬೊಂಬೆಗಳಲ್ಲಿ ಒಂದು, ಮಕ್ಕಳ ಕೈಗೆ ಕೊಡಬಾರದೆಂದು ತೀರ್ಮಾನಿಸಿದ ಬೊಂಬೆ!

ಪಾಲಕರು ನೋಡಬೇಕಾದ್ದು

ಆ ಮಗುವಿನ ಸಾವಿನ ಪಾಠವನ್ನು ಮನೆಯಲ್ಲೇ ಅಳತೆ ಮಾಡಿ ಕಲಿಯಬಹುದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳಲ್ಲಿ ಗಂಟಲಿಗೆ ಸಿಕ್ಕುವ ತುಂಡು ಇರಬಾರದೆಂದು ಪರೀಕ್ಷಿಸಲು ಸುಮಾರು 32 ಮಿಲಿಮೀಟರ್ ವ್ಯಾಸದ ಕೊಳವೆಯನ್ನು ಬಳಸುತ್ತಾರೆ. ತುಂಡು ಅದರೊಳಗೆ ಪೂರ್ತಿ ಇಳಿದರೆ ಅಪಾಯ. ದಪ್ಪ ಕಾಗದವನ್ನು ಸುರುಳಿ ಸುತ್ತಿ ಅಂಥ ಕೊಳವೆ ಮಾಡಿ, ಮನೆಯ ಆಟಿಕೆಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು. ಸೈನಿಕನ ಬಂದೂಕು, ಬಿಚ್ಚಿ ಬರುವ ಕೈ, ಪುಟ್ಟ ಕುಂಬಳಕಾಯಿ, ಬಹುಪಾಲು ಒಳಗೆ ಇಳಿದೇ ಬಿಡುತ್ತವೆ. ಅಣ್ಣನ ಸಂಗ್ರಹ ತಮ್ಮನ ಕೈಗೆ ಸಿಗದಂತೆ ಇಡಬೇಕಾದ್ದು ಇದಕ್ಕೇ.

ಬೊಂಬೆಯ ಮೆತ್ತನೆಯ ಭಾಗಗಳಿಗೆ ಪಿ.ವಿ.ಸಿ. ಬಳಸುವುದುಂಟು. ಗಟ್ಟಿ ಪಿ.ವಿ.ಸಿ.ಯನ್ನು ಮೆದುಗೊಳಿಸಲು ‘ಥ್ಯಾಲೇಟ್’ ಎಂಬ ರಾಸಾಯನಿಕಗಳನ್ನು ಬೆರೆಸುತ್ತಾರೆ. ಬಾಯಿಗೆ ಹಾಕಿಕೊಂಡಾಗ ಅವು ಹೊರಸೂಸುತ್ತವೆ ಎಂಬ ಕಾರಣಕ್ಕೆ ಯುರೋಪ್ ಮತ್ತು ಅಮೆರಿಕಗಳು ಕೆಲವು ಥ್ಯಾಲೇಟ್‌ಗಳಿಗೆ ಆಟಿಕೆಗಳಲ್ಲಿ ಶೇ 0.1ರ ಮಿತಿ ಹಾಕಿವೆ. ಭಾರತದಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ಜಾತ್ರೆಯಲ್ಲಾಗಲಿ ಮೊಬೈಲಿನಲ್ಲಾಗಲಿ, ಅಗ್ಗದ ನಕಲಿ ಬೊಂಬೆ ಕೊಳ್ಳುವ ಮುಂಚೆ ಆ ಗುರುತು ಇದೆಯೇ ನೋಡಬೇಕು. ಹಬ್ಬದ ಕೆಲವು ಆಟಿಕೆಗಳು ಕತ್ತಲೆಯಲ್ಲಿ ಹೊಳೆಯುತ್ತವೆ. ಅದರಲ್ಲಿ ಭೂತವೂ ಇಲ್ಲ, ಬೆಂಕಿಯೂ ಇಲ್ಲ. ಹಿಂದೆ ಸತುವಿನ ಸಲ್ಫೈಡ್, ಈಗ ಹೆಚ್ಚಾಗಿ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಎಂಬ ಪುಡಿ ಬೆಳಕನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ, ಅಷ್ಟೇ.

ಬೊಂಬೆ ಈಗಾಗಲೇ ಮನೆಯಲ್ಲಿದ್ದರೆ ಅದೇ ಒಂದು ಪಾಠೋಪಕರಣ. ಹೆಗಲು ಎಲ್ಲ ಕಡೆ ತಿರುಗುತ್ತದೆ, ಅದು ಗುಂಡು ಮತ್ತು ಬಟ್ಟಲಿನ ಕೀಲು. ಮೊಣಕೈ ಬಾಗಿಲಿನಂತೆ ಒಂದೇ ಕಡೆ ಮಡಚುತ್ತದೆ, ಅದು ತಿರುಗಣಿ ಕೀಲು. ನಮ್ಮ ದೇಹದಲ್ಲೂ ಹೀಗೆಯೇ. ಲೆಕ್ಕವೂ ಇದೆ. 6 ಅಡಿಯ ಮನುಷ್ಯನನ್ನು 6 ಅಂಗುಲಕ್ಕೆ ಇಳಿಸಿದರೆ ಎತ್ತರ 12ರಲ್ಲಿ ಒಂದು ಪಾಲು. ಹಾಗಾದರೆ ತೂಕವೂ 12ರಲ್ಲಿ ಒಂದೇ? ಅಲ್ಲ! ಉದ್ದ, ಅಗಲ, ದಪ್ಪ ಮೂರೂ ಇಳಿದಿರುವುದರಿಂದ 12 ಗುಣಿಸು 12 ಗುಣಿಸು 12, ಅಂದರೆ 1728ರಲ್ಲಿ ಒಂದು ಪಾಲು. 70 ಕಿಲೋ ತೂಕದವನು 40 ಗ್ರಾಂ ಆಗುತ್ತಾನೆ! ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಬೊಂಬೆ ತೂಗಿ, ವ್ಯತ್ಯಾಸ ಬಂದರೆ ಏಕೆಂದು ಯೋಚಿಸುವ ವಿದ್ಯಾರ್ಥಿ ಘನಫಲದ ಪಾಠವನ್ನು ಮರೆಯಲಾರ.

ಕರಗುವ ಬೊಂಬೆಗಳು

ಹಬ್ಬಕ್ಕೊಂದು ಬೊಂಬೆ ಎಂಬ ಕಲ್ಪನೆಯೂ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮುಂಗಾರಿನಿಂದ ಭಾದ್ರಪದದವರೆಗೆ ಐದು ಸಲ ಮಣ್ಣಿಗೆ ರೂಪ ಕೊಡುವ ರೂಢಿ ಇದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ, ಆಮೇಲೆ ಜೋಕುಮಾರ. ಇದೂ ಒಂದು ಮಾಲೆಯೇ, ವರ್ಷ ವರ್ಷವೂ ಹೊಸ ಆವೃತ್ತಿ. ಆದರೆ ಇವನ್ನು ಯಾರೂ ಡಬ್ಬಿಯಲ್ಲಿ ಇಡುವುದಿಲ್ಲ. ಪೂಜೆ ಮುಗಿದ ಮೇಲೆ ಮಣ್ಣು ಮಣ್ಣಿಗೆ, ನೀರಿಗೆ. ಅವು ಉಳಿಯುವುದಿಲ್ಲವಾದ್ದರಿಂದಲೇ ಮುಂದಿನ ವರ್ಷ ಮತ್ತೆ ಮಾಡಬೇಕು. ಹಾಗೆ ಮಾಡುತ್ತಲೇ ಕೈ ಪಳಗುತ್ತದೆ.

ಇಲ್ಲೂ ಎಚ್ಚರ ಬೇಕು. ಈಗ ಮಾರುಕಟ್ಟೆಯ ಮೂರ್ತಿ, ಬೊಂಬೆಗಳಲ್ಲಿ ಅನೇಕವು ಪ್ಲಾಸ್ಟರ್ ಆಫ್ ಪ್ಯಾರಿಸ್‌ನವು. ಜಿಪ್ಸಂ ಎಂಬ ಖನಿಜವನ್ನು ಸುಮಾರು 150 ಡಿಗ್ರಿಗೆ ಕಾಯಿಸಿದಾಗ ಅದರೊಳಗಿನ ನೀರಿನ ಮುಕ್ಕಾಲು ಪಾಲು ಹೋಗಿ ಈ ಪುಡಿ ಆಗುತ್ತದೆ. ನೀರು ಬೆರೆಸಿದರೆ ಬೆಚ್ಚಗಾಗಿ ಮತ್ತೆ ಜಿಪ್ಸಂ ಆಗಿ ಗಟ್ಟಿಯಾಗುತ್ತದೆ. ಕೆಲಸ ಸುಲಭ, ತೂಕ ಕಡಿಮೆ. ಆದರೆ ಬಿಸಿಲಿಗೆ ಒಣಗಿಸಿದ ಮಣ್ಣಿನಂತೆ ಅದು ನೀರಿನಲ್ಲಿ ಬೇಗ ಕದಡುವುದಿಲ್ಲ. ಮೂರ್ತಿಗಳಿಗೆ ಅದನ್ನು ಬಳಸಬಾರದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಎರಡು ಲೋಟ ನೀರು ತೆಗೆದುಕೊಂಡು ಒಂದರಲ್ಲಿ ಒಣಮಣ್ಣಿನ ಉಂಡೆ, ಇನ್ನೊಂದರಲ್ಲಿ ಪ್ಲಾಸ್ಟರ್ ಚೂರು ಹಾಕಿ ಮರುದಿನ ನೋಡಿದರೆ ಕಾರಣ ತಾನೇ ಕಾಣುತ್ತದೆ. ಪ್ಲಾಸ್ಟಿಕ್ ಸೈನಿಕನಂತೂ ಮೊಮ್ಮಕ್ಕಳ ಕಾಲದವರೆಗೂ ನದಿಯ ದಂಡೆಯಲ್ಲೇ ಬಿದ್ದಿರುತ್ತಾನೆ.

ಕೊಳ್ಳುವವರೋ, ಮಾಡುವವರೋ?

ನಿಪ್ಪಾಣಿಯಿಂದ ಬೆಳಗಾವಿಯತ್ತ ಹೆದ್ದಾರಿಯಲ್ಲಿ ಹೊರಟರೆ ಸಂಕೇಶ್ವರ ದಾಟಿದ ಮೇಲೆ ಹತ್ತರಗಿ ಬರುತ್ತದೆ. ಅಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯವಿದೆ. ವಿಮಾನದ ಬಿಡಿಭಾಗಗಳಿಗೆ ಹೆಸರಾದ ಈ ಕಂಪನಿ ಆಟಿಕೆಗಳನ್ನೂ ತಯಾರಿಸುತ್ತದೆ. ಅದರ ಗ್ರಾಹಕರ ಪಟ್ಟಿಯಲ್ಲಿ ಹ್ಯಾಸ್ಬ್ರೋ ಹೆಸರೂ ಇದೆ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ತಯಾರಿಕಾ ವಲಯಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. ಅಂದರೆ ಪರದೆಯ ಮೇಲೆ ಮಾತ್ರ ಕಾಣುವ ಆಟಿಕೆ ಲೋಕದ ಒಂದು ತುದಿ ನಮ್ಮ ಸೀಮೆಗೂ ಬಂದು ಮುಟ್ಟಿದೆ.

ಆ ಲೋಕದ ಜೀವಾಳ ಅಚ್ಚು ಮಾಡುವವರು. ಉಕ್ಕಿನಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಸಾವಿರಾರು ಬೊಂಬೆಗಳು ಕೆಡುತ್ತವೆ. ಈ ವಿದ್ಯೆಯನ್ನು ಎಸ್.ಎಸ್.ಎಲ್.ಸಿ. ನಂತರ ಕಲಿಯಲು ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ. ಜಿ.ಟಿ.ಟಿ.ಸಿ. ಎಂದು ಕರೆಯುವ ಈ ಕೇಂದ್ರ ಬೆಳಗಾವಿಯಲ್ಲೂ ಇದೆ. ಎಂಜಿನಿಯರಿಂಗ್ ಇಲ್ಲವೇ ಡಾಕ್ಟರಿಕೆ ಎಂಬ ಎರಡೇ ದಾರಿ ಬಲ್ಲ ಪಾಲಕರು ಈ ಮೂರನೆಯದನ್ನೂ ವಿಚಾರಿಸಿ ನೋಡಬಹುದು.

ಮಗ ಬೊಂಬೆ ಬೇಡುವುದು ತಪ್ಪಲ್ಲ. ಶಕ್ತಿ ಇದ್ದವರು ಒಂದನ್ನು ಕೊಡಿಸಿದರೂ ತಪ್ಪಲ್ಲ. ಆದರೆ ಕೊಡಿಸಿದ್ದನ್ನು ಡಬ್ಬಿಯಿಂದ ಹೊರಗೆ ತೆಗೆಸಬೇಕು. ಅದರ ಗೆರೆ ಎಲ್ಲಿ, ಕೀಲು ಎಂಥದು, ತೂಕ ಎಷ್ಟು ಎಂದು ಮಗುವನ್ನೇ ಕೇಳಬೇಕು. ಕೊಡಿಸಲಾಗದವರು ಕೊರಗಬೇಕಿಲ್ಲ. ಹದವಾದ ಮಣ್ಣು, ಎರಡು ಹೋಳಿನ ಅಚ್ಚು, ಒಂದಿಷ್ಟು ಬಣ್ಣ ಇದ್ದರೆ ಅಂತರಿಕ್ಷದ ಸೈನಿಕನೂ ಕಿಲ್ಲಾದ ಮೆಟ್ಟಿಲ ಮೇಲೆ ಮಾವಳೆಯ ಪಕ್ಕ ನಿಲ್ಲಬಲ್ಲ. ಹೊಸ ಬಣ್ಣ ಬಂದಾಗಲೆಲ್ಲ ಕೊಳ್ಳುವವನಿಗೆ ಖರ್ಚು ಮುಗಿಯುವುದಿಲ್ಲ. ಅಚ್ಚು ಮಾಡಲು ಕಲಿತವನಿಗೆ ಬಣ್ಣ ಯಾವುದೆಂಬುದು ಅವನದೇ ಇಷ್ಟ.